ಯೋಧನ ಬಣ್ಣ ಹೋಯಿತು, ಗೌರಿಯ ಸರದಿ ಬಂತು

ಸ್ನೇಹಿತರೇ, ಇಂದು ಭಾನುವಾರ. ನನ್ನ ಉದ್ದೇಶ ಒಂದೇ: ಪ್ಲಾಸ್ಟಿಕ್ ಯೋಧಗೊಂಬೆಗೆ ನನ್ನಿಷ್ಟದ ಬಣ್ಣ ಹಚ್ಚುವ ಮೊದಲು, ಅದರ ಕಾರ್ಖಾನೆಯ ಬಣ್ಣವನ್ನು ಹಾನಿಯಿಲ್ಲದೆ ತೆಗೆಯುವುದು.

ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಕರಗೀತು. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೊದಲು ಗೊಂಬೆಯ ಪಾದದಡಿ ಪರೀಕ್ಷಿಸಿ, ಕೈಗವಸು ತೊಟ್ಟು, ಅಂಗಳದ ಗಾಳಿಯಲ್ಲಿ ಕುಳಿತು ಮೆತ್ತನೆಯ ಬ್ರಷ್ಷಿನಿಂದ ಉಜ್ಜತೊಡಗಿದೆ.

“ಕೆಮಿಸ್ಟ್ರ್ಯಾಗ ಕಾಲೇಜಿಗೇ ಫಸ್ಟ್ ಬಂದಾಕಿ, ಗೊಂಬಿಗೆ ಜಳಕಾ ಮಾಡಸಾಕ ಕುಂತಾಳ ನೋಡ್ರಿ!” ಎಂದು ಅಜ್ಜಿ ಪಕ್ಕದ ಮನೆಯವರಿಗೆ ಸಾರಿದರು.

“ಜಳಕಾ ಅಲ್ಲಜ್ಜಿ, ರಸಾಯನಶಾಸ್ತ್ರ,” ಎಂದೆ.

ಯೋಧನ ಕೋಟು, ಮೀಸೆ ಎಲ್ಲವೂ ಹೋಗಿ ಮೈ ಬೆಳ್ಳಗಾದಾಗ ಅಜ್ಜಿ ಬೆರಗಾದರು.

“ಯವ್ವಾ, ಇವನ ಅಂಗೀನೂ ಹೋತಲ್ಲ! ಲಗೂನ ಏನಾರ ಉಡಸು.”

ಹಾಗೆಂದವರು ಒಳಗೆ ಹೋಗಿ, ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಕಿನ್ನಾಳದ ಮರದ ಗೌರಿಯನ್ನು ಸೆರಗಿನಲ್ಲಿ ಸುತ್ತಿ ತಂದರು. ಪ್ರತಿ ಗೌರಿ ಹುಣ್ಣಿಮೆಗೆ ಅರಿಸಿನ ಹಚ್ಚಿ ಹಚ್ಚಿ, ಅವಳ ಕೆನ್ನೆಯ ಬಣ್ಣ ಅಜ್ಜಿಯ ಬೆರಳಿನಗಲಕ್ಕೆ ಸವೆದಿದೆ.

“ಈಕೀದೂ ಹಂಗ ತೆಗದು ಕೊಡವಾ. ಹೊಸಾ ಪೇಂಟ್ ಹೊಡದ್ರ ಪಳಪಳ ಅಂತಾಳ. ನಿನಗ ಬರತೈತಲ್ಲ?”

“ಬರತೈತಜ್ಜಿ.”

“ಮತ್ತ?”

“ತೆಗಿಯೂದಿಲ್ಲ. ಆ ಕೆನ್ನಿ ಮ್ಯಾಲ ನಿನ್ನ ಬೆರಳಿನ ಗುರುತೈತಿ.”