ಮಾನ್ವಿಯಲ್ಲಿ ಉಳುಕಿದ ಕಾಲು

ಕೇರಂ ಬೋರ್ಡಿಗೆ ಹಾಕುವ ಪೌಡರು ನನ್ನ ಮೂಗಿಗೆ ಆಗಿಬರುವುದಿಲ್ಲ. ಮೊನ್ನೆ ಹಬ್ಬದ ಊಟ ಮುಗಿಸಿ ನಾನೂ ನನ್ನ ಅಳಿಯನೂ ಬೋರ್ಡಿನ ಮುಂದೆ ಕೂತಾಗ ನನಗೆ ಒಂದರ ಹಿಂದೊಂದು ಸೀನು ಬಂದವು. ಕಣ್ಣು ಒರೆಸಿಕೊಂಡು ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮಾತಿಲ್ಲ, ಬರೀ ಕಣ್ಣಿನ ಅಪ್ಪಣೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಈ ಸಲ ಸುಮ್ಮನೆ ಸೋಲಿರಿ.

ನನ್ನ ಅಳಿಯ ಸಿಂಧನೂರಿನ ಬ್ಯಾಂಕೊಂದರಲ್ಲಿದ್ದಾನೆ. ಒಳ್ಳೆಯವನು, ಒಂದು ಕೆಟ್ಟ ಚಟವಿಲ್ಲ. ಸೋಲುವುದು ಮಾತ್ರ ಅವನಿಗೆ ಗೊತ್ತಿಲ್ಲ. ದಸರೆಗೆ ಬಂದಾಗ ಅವನನ್ನು ಸಾಲಾಗಿ ಸೋಲಿಸಿಬಿಟ್ಟೆ. ಏನೋ ಕೆಲಸ ನೆನಪಾಯಿತೆಂದು ಹೋಳಿಗೆಯನ್ನು ಮುಟ್ಟದೆ ಸಂಜೆಯ ಬಸ್ಸು ಹಿಡಿದ. ಆಮೇಲೆ ಎಷ್ಟೋ ದಿನ ಮಗಳು ಫೋನಿನಲ್ಲಿ ಹೂಂ, ಹಾಂ ಬಿಟ್ಟು ಬೇರೆ ಮಾತಾಡಲಿಲ್ಲ. ತಪ್ಪೆಲ್ಲ ನನ್ನ ತಲೆಗೆ ಬಂತು. ನೀವೇ ಹೇಳಿ, ನಿವೃತ್ತನಾದವನಿಗೆ ಉಳಿಯುವ ಪರಾಕ್ರಮವಾದರೂ ಎಷ್ಟು? ಒಂದು ಕೇರಂ ಬೋರ್ಡು. ಅದನ್ನೂ ಬಿಟ್ಟುಕೊಡು ಎಂದರೆ ಮೈ ಉರಿಯುವುದಿಲ್ಲವೆ?

ಸೋಲುವುದೇನು ಮಹಾ ಎನ್ನಬೇಡಿ. ಆ ಹೊತ್ತಿಗೆ ಕೆಂಪು ಕಾಯಿ ಕುಳಿಯ ಅಂಚಿನಲ್ಲಿ ಕೂತಿತ್ತು, ಅದರ ಹಿಂದೆಯೇ ನನ್ನ ಕೊನೆಯ ಬಿಳಿ ಕಾಯಿ. ಮಗು ಊದಿದರೂ ಎರಡೂ ಒಳಗೆ ಬೀಳುತ್ತಿದ್ದವು. ನಾನು ಅದನ್ನು ತಪ್ಪಿಸಿದರೆ ಬೇಕೆಂದೇ ತಪ್ಪಿಸಿದೆನೆಂದು ಅಳಿಯನಿಗೆ ಗೊತ್ತಾಗುತ್ತದೆ, ಬ್ಯಾಂಕಿನವನು, ದಡ್ಡನಲ್ಲ. ಹೊಡೆದರೂ ಸಿಟ್ಟು, ಬಿಟ್ಟರೂ ಸಿಟ್ಟು. ಸ್ಟ್ರೈಕರಿನ ಮೇಲೆ ಬೆರಳಿಟ್ಟು ಹಾಗೇ ಕೂತೆ. ನೆನಪಾದವರು ನರಸಪ್ಪ ಸರ್. ಅದೂ ಚೆಂಡಿನ ಮೇಲೆ ಕೂತ ನರಸಪ್ಪ ಸರ್.

ನರಸಪ್ಪ ಸರ್ ರಾಯಚೂರಿನ ನಮ್ಮ ಕಾಲೇಜಿಗೆ ಬಾಸ್ಕೆಟ್‌ಬಾಲ್ ಕಲಿಸಲು ಬಂದವರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಟವನ್ನು ಹೈದರಾಬಾದಿನಲ್ಲಿ ಕಲಿತಿದ್ದರು, ನಮಗೂ ಕಲಿಸಬಹುದೆಂದು ನಂಬಿದ್ದರು. ಅವರಿಗೆ ಬೇಸರವಾದರೆ ಬೈಯುವುದು, ಕೂಗುವುದು ಇಲ್ಲ. ಹೆಚ್ಚಿನ ಚೆಂಡೊಂದನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಡುವರು. ದಿನಕ್ಕೆ ಹಲವು ಸಲ ಬೇಸರವಾಗುತ್ತಿದ್ದರಿಂದ ನಮ್ಮ ಚೆಂಡುಗಳೆಲ್ಲ ಕುಂಬಳಕಾಯಿಯ ಹಾಗೆ ಒಂದು ಕಡೆ ಚಪ್ಪಟೆಯಾಗಿದ್ದವು. ಈ ಕಡೆ ಪುಟಿಸಿದರೆ ಆ ಕಡೆ ಹೋಗುತ್ತಿದ್ದವು. ಎದುರಾಳಿಗಳು ಅದನ್ನು ನಮ್ಮ ಕೈಚಳಕವೆಂದೇ ತಿಳಿದಿದ್ದರು.

ಕೂರದೆ ಏನು ಮಾಡಿಯಾರು ಪಾಪ. ನಾವೆಲ್ಲ ಕಬಡ್ಡಿ ಆಡಿ ಬೆಳೆದವರು. ಚೆಂಡು ಕೈಗೆ ಬಂದರೆ ನಮ್ಮಲ್ಲಿ ಕೆಲವರು ಉಸಿರು ಬಿಗಿಹಿಡಿಯುತ್ತಿದ್ದರು. ಹಣಮಂತ ಎಂಬ ಹುಡುಗನಿದ್ದ. ದೇವದುರ್ಗದ ಕಡೆಯವನು, ಅರಕೇರಾದಿಂದ ಬಂದವನು. ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ಮೊದಲ ಪಂದ್ಯದಲ್ಲಿ ಅವನು ಚೆಂಡು ಹಿಡಿದು ಎಲ್ಲರನ್ನೂ ತಪ್ಪಿಸಿ ಓಡಿದ, ಮಧ್ಯದ ಗೆರೆ ಮುಟ್ಟಿದ, ತಿರುಗಿ ನಮ್ಮ ಕಡೆಗೇ ಓಡಿ ಬಂದು ಜೀವ ಉಳಿಸಿಕೊಂಡು ಬಂದವನಂತೆ ಕೈಯೆತ್ತಿ ನಿಂತ. ಸರ್ ಕೂತರು.

ಆದರೆ ಹುಡುಗ ಕಲಿತ. ಬುಟ್ಟಿಯ ಕೆಳಗೆ ಅವನು ಎರಡೂ ಕೈ ಎತ್ತಿ ನಿಂತನೆಂದರೆ ಯಾವ ಊರಿನವರ ಚೆಂಡೂ ದಾಟುತ್ತಿರಲಿಲ್ಲ. ನನ್ನ ವಿಷಯ ಕೇಳಬೇಡಿ. ಹೆಸರಿಗೆ ನಾನೂ ತಂಡದಲ್ಲಿದ್ದೆ. ಎತ್ತರ ಮಾತ್ರ ನನಗೆ ಹೈಸ್ಕೂಲಿನಲ್ಲೇ ನಿಂತುಹೋಗಿತ್ತು. ಚೆಂಡಿಗೆ ಗಾಳಿ ಹಾಕುವುದು, ನಿಂಬೆಹಣ್ಣು ಹೋಳು ಮಾಡಿ ಎಲ್ಲರ ಕೈಗಿಡುವುದು ನನ್ನ ಆಟ.

ಸರ್ ಅವರದು ಟೆಂಪರರಿ ನೌಕರಿ. ಬೇಸಿಗೆ ಬಂತೆಂದರೆ ತೆಗೆಯುವರು, ಜೂನ್ ಬಂತೆಂದರೆ ಮತ್ತೆ ತೆಗೆದುಕೊಳ್ಳುವರು. ಇತ್ತ ಕಾಲೇಜಿನ ಅಧ್ಯಕ್ಷರಿಗೆ ನಮ್ಮ ಅಂಕಣದ ಮೇಲೆ ಕಣ್ಣು. ಇಡೀ ಕಾಲೇಜಿಗೆ ಸಿಮೆಂಟಿನ ನೆಲ ಅದೊಂದೇ, ಅಲ್ಲಿ ಸೈಕಲ್ ನಿಲ್ಲಿಸಿದರೆ ಎಷ್ಟು ಚೆನ್ನ ಎಂದು ಅವರ ಆಸೆ. ಆ ವರ್ಷ ಎಲ್ಲರೆದುರಿಗೆ ಹೇಳಿಬಿಟ್ಟರು: ಮಾನ್ವಿಯಲ್ಲಿ ಕೊನೆಯ ಪಂದ್ಯ ಗೆದ್ದು ಕಪ್ ತಂದರೆ ನರಸಪ್ಪನವರ ನೌಕರಿ ಖಾಯಂ, ಸೋತರೆ ಸೈಕಲ್ ಸ್ಟ್ಯಾಂಡ್. ಸರ್ ಆ ಮಾತು ನಂಬಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಕೋಟೆಯ ಹಿಂದೆ ಒಂದು ಮನೆ ಹಿಡಿದರು. ಮಕ್ಕಳನ್ನು ಶಾಲೆಗೂ ಸೇರಿಸಿದರು.

ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಹಣಮಂತ ಬಾಯಿ ಬಿಡಲಿಲ್ಲ. ಅಂಜಿಕೆ ಇರಬೇಕೆಂದುಕೊಂಡೆವು. ಪಂದ್ಯ ಶುರುವಾಯಿತು. ಅರ್ಧ ಊರು ಕಾಂಪೌಂಡ್ ಗೋಡೆಯ ಮೇಲೆ ಕೂತಿತ್ತು, ಹೆಂಗಸರು ಆಚೆಯ ಮಾಳಿಗೆಗಳ ಮೇಲೆ. ಅವರ ತಂಡದ ಏಳನೇ ನಂಬರಿನವನು ಚೆಂಡು ಹಿಡಿದು ನೇರ ನಮ್ಮ ಬುಟ್ಟಿಯ ಕಡೆಗೇ ಬಂದ. ಅಲ್ಲಿ ಹಣಮಂತ ಇದ್ದಾನಲ್ಲ ಎಂದು ನಾವು ನಿಶ್ಚಿಂತೆಯಿಂದ ನೋಡುತ್ತಿದ್ದೆವು. ಹಣಮಂತ ಎತ್ತಿದ ಕೈ ಇಳಿಸಿದ. ಮನೆಯ ಬಾಗಿಲಲ್ಲಿ ಹಿರಿಯರಿಗೆ ದಾರಿ ಬಿಡುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ನಿಂತ. ಚೆಂಡು ಬುಟ್ಟಿಗೆ ಬಿತ್ತು. ಮತ್ತೊಮ್ಮೆ ಬಂದ, ಮತ್ತೊಮ್ಮೆ ಹಾಗೇ ಆಯಿತು. ಸರ್ ಕೂರಲು ಚೆಂಡು ಹುಡುಕತೊಡಗಿದರು.

ಹಾಫ್ ಟೈಮಿನಲ್ಲಿ ವಿಷಯ ಹೊರಬಿತ್ತು. ಏಳನೇ ನಂಬರಿನವನ ಹೆಸರು ಅಮರೇಶ, ಹಣಮಂತನ ಅಕ್ಕ ಹುಲಿಗೆಮ್ಮನ ಗಂಡ. ಬಿ.ಎ. ಮುಗಿಯುವುದಕ್ಕೆ ಮೊದಲೇ ಮದುವೆ ಮುಗಿಯುತ್ತಿದ್ದ ಕಾಲವದು. ನಮ್ಮ ಕಡೆ ಅಳಿಯನೆಂದರೆ ಏನೆಂಬುದು ನಿಮಗೆ ಗೊತ್ತೇ ಇದೆ. ಬಿಸಿ ರೊಟ್ಟಿ ಮೊದಲು ಅವನ ತಾಟಿಗೆ, ಬಂಡಿಯಲ್ಲಿ ಮೆತ್ತನೆಯ ಜಾಗ ಅವನಿಗೆ. ಅವನು ಮುಖ ಸಣ್ಣದು ಮಾಡಿದರೆ ಮನೆಮಂದಿಯೆಲ್ಲ ತಾವೇನು ತಪ್ಪು ಮಾಡಿದೆವೆಂದು ಹುಡುಕಲು ಕೂರಬೇಕು. ಅಂಥವನ ಕೈಯಿಂದ ಊರೆದುರಿಗೆ ಚೆಂಡು ಕಸಿದುಕೊಳ್ಳುವುದು ಹೇಗೆ? ಸರ್ ಹಲ್ಲು ಕಚ್ಚಿಕೊಂಡು ತಿಳಿಹೇಳಲು ನೋಡಿದರು.

“ಹಣಮಂತಾ, ಮನಿಯಾಗ ಅವ ಅಳ್ಯಾ. ಇಲ್ಲಿ ಬರೇ ಏಳನೇ ನಂಬರ್ ಅಂತ ತಿಳಕೋ.”

“ನಂಬರ್ ಬೆನ್ನಿಗೆ ಅದರೀ ಸರ್. ಮುಂದ ಬಂದ್ರ ಮುಖ ಅವರದೇ ಕಾಣತದ.”

ಇದಕ್ಕೆ ಹೈದರಾಬಾದಿನಲ್ಲಿ ಕಲಿತ ಯಾವ ವಿದ್ಯೆಯಲ್ಲಿ ಉತ್ತರವಿದೆ? ಎರಡನೆಯ ಅರ್ಧದಲ್ಲಿ ನಮ್ಮ ಗೋಳು ಇನ್ನೂ ಹೆಚ್ಚಿತು. ಆ ತುದಿಯಲ್ಲಿ ಹಣಮಂತ ಬುಟ್ಟಿಯ ಮೇಲೆ ಬುಟ್ಟಿ ಹಾಕಿದ, ಈ ತುದಿಗೆ ಬಂದು ಅಷ್ಟನ್ನೂ ಮರ್ಯಾದೆಯಿಂದ ಭಾವನಿಗೆ ಒಪ್ಪಿಸಿದ. ಉಳಿದವರು ಬಂದರೆ ಗೋಡೆ, ಅಮರೇಶ ಬಂದರೆ ತೆರೆದ ಬಾಗಿಲು. ನಮ್ಮ ನಾಯಕ ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆಟ ಮುಗಿಯಲು ಕೊಂಚವೇ ಹೊತ್ತಿರುವಾಗ ಎರಡೂ ಕಡೆ ಸಮ ಸಮ. ಸರ್ ಟೈಮ್ ಔಟ್ ಕೇಳಿ ಹಣಮಂತನ ಅಂಗಿಯ ಎದೆ ಹಿಡಿದು ಬದಿಗೆಳೆದರು. ನಿಂಬೆಹೋಳು ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಎಲ್ಲ ಕೇಳಿಸಿತು.

ಪಂಚಮಿಗೆ ಅಮರೇಶ ಅರಕೇರಾಕ್ಕೆ ಬಂದಿದ್ದನಂತೆ. ಊಟಕ್ಕೆ ಕೂತಾಗ ಯಾರೋ ಏನೋ ಚೇಷ್ಟೆ ಮಾಡಿದ್ದಕ್ಕೆ ತಾಟು ಬಿಟ್ಟು ಎದ್ದವನು ಹೆಂಡತಿಯನ್ನು ಅಲ್ಲೇ ಬಿಟ್ಟು ಮಾನ್ವಿಗೆ ಹೊರಟುಬಂದ. ಹುಲಿಗೆಮ್ಮ ತಿಂಗಳುಗಟ್ಟಲೆ ತವರಿನಲ್ಲೇ ಉಳಿದಳು. ಹಿರಿಯರು ಹೋಗಿ ಕೈಕಾಲು ಹಿಡಿದ ಮೇಲೆ ಈಗಷ್ಟೇ ಕರೆಸಿಕೊಂಡಿದ್ದಾನೆ. ಇಷ್ಟನ್ನು ಹೇಳಿ ಹಣಮಂತ, “ನಾ ಕಸಗೊಂಡ್ರ ನೀವೆಲ್ಲಾ ಚಪ್ಪಾಳಿ ಹೊಡದು ಬಸ್ ಹತ್ತತೀರಿ ಸರ್. ನಮ್ಮಕ್ಕ ಇಲ್ಲೇ ಇರಬೇಕಲ್ರೀ,” ಎಂದ.

ಸರ್ ಆಚೆಯ ಮಾಳಿಗೆಯ ಕಡೆ ನೋಡಿದರು. ಅಲ್ಲಿ ಹೆಂಗಸರ ಗುಂಪಿನಲ್ಲಿ ಹುಲಿಗೆಮ್ಮ ಯಾರು ಎಂದು ಅವರು ಕೇಳಲಿಲ್ಲ. ಹಿಡಿದ ಅಂಗಿ ಬಿಟ್ಟರು. ಚೆಂಡಿನ ಮೇಲೂ ಕೂರಲಿಲ್ಲ. ನನ್ನ ಕಡೆ ತಿರುಗಿ, “ಆ ಅಮರೇಶ ನಿನಗ ಏನೂ ಆಗಬೇಕಾಗಿಲ್ಲ ಹೌದಲ್ಲ?” ಎಂದು ಕೇಳಿದರು. ಇಲ್ಲರೀ ಎಂದೆ. “ಹಂಗಾರ ಇಳಿ,” ಎಂದರು.

ಹೀಗೆ ನನ್ನ ಜೀವನದ ಒಂದೇ ದೊಡ್ಡ ಪಂದ್ಯಕ್ಕೆ ಹಣಮಂತನ ಬದಲು ನಾನು ಇಳಿದೆ. ನನ್ನ ತಲೆ ಅಮರೇಶನ ಕಂಕುಳಿಗೆ ಬರುತ್ತಿತ್ತು. ಅವನು ಹಾರಿದಾಗ ನಾನೂ ದೇವರನ್ನು ನೆನೆದು ಹಾರಿದೆ. ಚೆಂಡು ನನ್ನನ್ನು ಗಮನಿಸಲೇ ಇಲ್ಲ. ಒಂದೇ ಬುಟ್ಟಿಯಿಂದ ಸೋತೆವು.

ಹೋಗಲಿ, ಅಳಿಯನ ಮುಖವಾದರೂ ಉಳಿಯಿತಲ್ಲ ಎನ್ನುತ್ತೀರಿ. ತಾಳಿ. ಕಪ್ ಹಿಡಿದು ನಿಂತ ಅಮರೇಶನ ಮುಖ ಊದಿತ್ತು. ನಿನ್ನ ಬುಟ್ಟಿಗಳೆಲ್ಲ ಬೀಗರ ಮನೆಯ ಉಡುಗೊರೆ ಎಂದು ಅವನ ಗೆಳೆಯರೇ ನಗಾಡಿದ್ದರು. ಕಪ್ಪನ್ನು ಯಾರದೋ ಕೈಗೆ ಕೊಟ್ಟು ನೇರ ಹಣಮಂತನ ಹತ್ತಿರ ಬಂದ. “ನನಗ ಬಿಟ್ಟುಕೊಟ್ಟೇನು? ಊರ ಮುಂದ ನನ್ನ ಮರ್ಯಾದಿ ಏನುಳೀತು?” ಎಂದ. ಇವನಿಗೆ ಏನು ಹೇಳುತ್ತೀರಿ? ಕಸಿದುಕೊಂಡರೆ ಅವಮಾನ, ಕಸಿದುಕೊಳ್ಳದಿದ್ದರೂ ಅವಮಾನ. ಕೈಯಲ್ಲಿದ್ದ ಚಪ್ಪಟೆ ಚೆಂಡನ್ನು ಅವನ ತಲೆಗೆ ಕುಕ್ಕಬೇಕೆನಿಸಿತು ನನಗೆ. ಅಷ್ಟರಲ್ಲಿ, ಆಗಷ್ಟೇ ನೌಕರಿ ಕಳೆದುಕೊಂಡ ಮನುಷ್ಯ ನಡುವೆ ಬಂದು ನಿಂತರು.

“ಬಿಟ್ಟುಕೊಡೋದೇನು ಬಂತ್ರೀ ಅಳ್ಯಂದಿರೇ,” ಎಂದರು ಸರ್. “ಹುಡುಗಂದು ಕಾಲು ಉಳಕ್ಯಾದ. ನಿಮ್ಮ ಮುಂದ ನಿಂದರಾಕ ಆಗವಲ್ದಾಗಿತ್ತು. ಆಡಿಸಿದ್ದು ನಂದೇ ತಪ್ಪು.”

ಹಣಮಂತ ಕೂಡಲೇ ಎಡಗಾಲು ಕುಂಟಿದ. ಆ ತುದಿಯಲ್ಲಿ ಅಷ್ಟೆತ್ತರ ಹಾರಿದವನ ಕಾಲು ಈ ತುದಿಯಲ್ಲಿ ಮಾತ್ರ ಹೇಗೆ ಉಳುಕಿತೆಂದು ಅಮರೇಶ ಕೇಳಲಿಲ್ಲ. ನಂಬಲು ಅವನಿಗೂ ಮನಸ್ಸಿತ್ತು. ಮುಖ ಅರಳಿತು. ಉಂಡೇ ಹೋಗಬೇಕೆಂದು ನಮ್ಮನ್ನೆಲ್ಲ ನೀರಮಾನ್ವಿಯ ಹಾದಿಯಲ್ಲಿದ್ದ ತನ್ನ ಮನೆಗೆ ಎಳೆದೊಯ್ದ. ಹುಲಿಗೆಮ್ಮ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ತೆಳ್ಳಗಿನ ಹೆಣ್ಣುಮಗಳು, ತಮ್ಮನ ಹಾಗೇ ಎತ್ತರ. ಉಂಡು ಕೈ ತೊಳೆಯಲು ಎದ್ದ ಹಣಮಂತ ಬಲಗಾಲು ಕುಂಟುತ್ತ ಹೊರಟ. ಸರ್ ತಾಟಿನಿಂದ ತಲೆ ಎತ್ತದೆ ಮೆಲ್ಲಗೆ, “ಎಡಗಾಲು,” ಎಂದರು. ಹಣಮಂತ ಕಾಲು ಬದಲಿಸಿದ. ಹುಲಿಗೆಮ್ಮನ ಕೈಯಲ್ಲಿದ್ದ ಮೊಸರಿನ ಗಡಿಗೆ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಅವಳು ಸರ್ ಅವರ ತಾಟಿಗೆ ಅವರು ಸಾಕೆಂದರೂ ಕೇಳದೆ ಮೊಸರು ಸುರಿದಳು.

ಇಷ್ಟೆಲ್ಲ ನಾಟಕ ಆಡಿದವನು ಕೊನೆಗೆ ಮಾಡಿದ್ದೇನು ಗೊತ್ತೆ? ನಿಲ್ದಾಣಕ್ಕೆ ಬರುವಾಗ ರಾಯಚೂರಿನ ಬಸ್ಸು ಹೊರಟಿತ್ತು. ಹಣಮಂತ ಎಲ್ಲ ಮರೆತು ಬಾಣದಂತೆ ಓಡಿ ಅದನ್ನು ನಿಲ್ಲಿಸಿದ. ನಮ್ಮ ಪುಣ್ಯಕ್ಕೆ ಬಸ್ಸಿನಲ್ಲಿ ನಮ್ಮ ಕಾಲೇಜಿನ ಗುಮಾಸ್ತರೊಬ್ಬರು ಕೂತಿದ್ದರು.

ಮರುದಿನ ಅಧ್ಯಕ್ಷರು ಸರ್ ಅವರನ್ನು ಕರೆಸಿದರು. ಬಾಗಿಲಿಗೆ ಬರೀ ಪರದೆ, ನಾವೆಲ್ಲ ಹೊರಗೆ ನಿಂತಿದ್ದೆವು. ನಿಮ್ಮ ಎತ್ತರದ ಹುಡುಗನನ್ನು ಕೊನೆಗಳಿಗೆಯಲ್ಲಿ ಯಾಕೆ ಕೂರಿಸಿದಿರಿ ಎಂದು ಕೇಳಿದರು. ಕಾಲು ಉಳಕಿತ್ತರೀ ಎಂದರು ಸರ್. ಉಳುಕಿದ ಕಾಲಿನವನು ಬಸ್ಸಿನ ಮುಂದೆ ಹೇಗೆ ಓಡಿದ ಎಂದರು ಅಧ್ಯಕ್ಷರು. “ಉಳಕಿತ್ತರೀ.” ಎಷ್ಟು ಸಲ ಕೇಳಿದರೂ ಅದೊಂದೇ ಮಾತು. ಅಧ್ಯಕ್ಷರೂ ಹೆಣ್ಣುಮಕ್ಕಳ ತಂದೆ, ನಿಜ ಹೇಳಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದರೋ ಏನೋ. ಹೊರಗೆ ಬಂದಾಗ ನಾನು ಸಿಟ್ಟು ತಡೆಯಲಾರದೆ ಖರೇ ಹೇಳಬೇಕಿತ್ತಲ್ಲ ಸರ್ ಎಂದೆ.

“ಇಲ್ಲಿ ಅಂದದ್ದು ಮಧ್ಯಾಹ್ನದ ಬಸ್ಸಿಗೆ ಮಾನ್ವಿ ಮುಟ್ಟತದ,” ಎಂದರು ಅವರು. “ನಡಿ, ಚೆಂಡಿನ ಗಾಳಿ ತಗಿ.”

ಬೇಸಿಗೆಗೆ ತೆಗೆದವರನ್ನು ಜೂನಿನಲ್ಲಿ ಮತ್ತೆ ಕರೆಯಲಿಲ್ಲ. ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಊರು ಬಿಟ್ಟರು. ಎಲ್ಲೋ ಒಂದು ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದಾರೆಂದು ಒಮ್ಮೆ ಸುದ್ದಿ ಬಂತು. ಅಂಕಣದಲ್ಲಿ ಸೈಕಲ್ ನಿಂತವು. ನಾನು ಈ ಕಥೆಯನ್ನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಒಂದು ಸಿಡುಕು ಮೂತಿಯ ಅಳಿಯನಿಗಾಗಿ, ಅದೂ ತನ್ನವನಲ್ಲದ ಅಳಿಯನಿಗಾಗಿ, ಅನ್ನ ಕಳೆದುಕೊಂಡ ಮನುಷ್ಯ ಎಂದು ಹೇಳಿ ಮುಗಿಸುತ್ತಿದ್ದೆ. ಹೇಳುವಾಗ ಪ್ರತಿ ಸಲವೂ ಅವರ ಮೇಲೆ ಸಿಟ್ಟು ಬರುತ್ತಿತ್ತು.

ಕೆಂಪು ಕಾಯಿ ಕುಳಿಯ ಅಂಚಿನಲ್ಲೇ ಇತ್ತು. ಅಳಿಯ ತುಟಿ ಬಿಗಿದು ಬೋರ್ಡನ್ನೇ ನೋಡುತ್ತಿದ್ದ. ಅವನ ಕುರ್ಚಿಯ ಬೆನ್ನು ಹಿಡಿದು ನಿಂತ ಮಗಳು ಬೋರ್ಡನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಮಾಳಿಗೆಯ ಮೇಲೆ ನರಸಪ್ಪ ಸರ್ ಕಂಡದ್ದು ಹುಲಿಗೆಮ್ಮನನ್ನಲ್ಲ, ಇಂಥದೇ ಒಂದು ಮುಖವನ್ನು ಎಂದು ನನಗೆ ಆಗ ಹೊಳೆಯಿತು. ಅವರ ಮೇಲಿನ ಸಿಟ್ಟು ಇಳಿದುಹೋಯಿತು. ಸ್ಟ್ರೈಕರನ್ನು ಕೆಳಗಿಟ್ಟೆ.

“ಅಳ್ಯಂದಿರೇ, ಇನ್ನ ಆಡಾಕ ಆಗವಲ್ದು,” ಎಂದೆ. “ಕೈ ಉಳಕ್ಯಾದ.”

ಅಳಿಯ ಗಾಬರಿಯಾಗಿ ಎದ್ದ. ಯಾರಿಗೂ ಹೇಳದೆ ತಾನೇ ಒಳಗೆ ಹೋಗಿ ನೋವಿನ ಮುಲಾಮು ಹುಡುಕಿ ತಂದ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ. “ಈ ಆಟ ನಿಮ್ಮದೇ ಇತ್ತು ಮಾವಾ, ಹೋಗ್ಲಿ ಬಿಡ್ರಿ,” ಎನ್ನುತ್ತ ಡಬ್ಬಿಯ ಮುಚ್ಚಳ ತೆಗೆದ. ಮನೆಯೆಲ್ಲ ಮುಲಾಮಿನ ಘಾಟು ತುಂಬಿತು. ಎಲ್ಲಿ ತೋರಿಸಿರಿ ಎಂದ. ನಾನು ಕೈ ಚಾಚಿದೆ.

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಮೆಲ್ಲಗೆ, “ಬಲಗೈ,” ಎಂದಳು.

ನಾನು ಕೈ ಬದಲಿಸಿದೆ.