ಏಪ್ರನ್ ಕಟ್ಟಿದ ಗಂಡಸರು

ಕಾನ್ವೆಂಟಿನಲ್ಲಿ ಡ್ರಿಲ್ ತಾಸು ಬಂತೆಂದರೆ ಹೊಟ್ಟೆನೋವೆಂದು ಬೆಂಚಿನ ಮೇಲೆ ಮಲಗಿಬಿಡುತ್ತಿದ್ದ ನನ್ನ ಗೆಳತಿ, ಐವತ್ತು ದಾಟಿದ ಮೇಲೆ ಒಂದು ದಿನ ಕೊಲ್ಹಾಪುರದಿಂದ ಫೋನ್ ಮಾಡಿ, ತಾನು ರಂಕಾಳಾ ಕೆರೆಯ ಕಡೆ ಹತ್ತು ಕಿಲೋಮೀಟರ್ ಓಡುವವಳಿದ್ದೇನೆ ಎಂದಳು. ನಾನು ಇಚಲಕರಂಜಿಯ ನಮ್ಮ ಅಡಿಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದೆ. ಯಾರ ಬೆನ್ನು ಹತ್ತಿ ಓಡುತ್ತೀಯೆಂದು ಕೇಳಿದೆ. ತನ್ನ ಗಂಡನ ಬೆನ್ನು ಹತ್ತಿ ಎಂದಳು. ನಕ್ಕೆವು. ಆದರೆ ಅದು ನಗೆಮಾತಾಗಿರಲಿಲ್ಲ.

ಅವಳ ಗಂಡ ಫ್ರೀಮೇಸನ್. ಆ ವರ್ಷ ಕೊಲ್ಹಾಪುರದ ತಮ್ಮ ಲಾಡ್ಜಿಗೆ, ಅಂದರೆ ಅವರ ಸಭೆಗೆ, ಅವರೇ ಮುಖ್ಯಸ್ಥರು. ಫ್ರೀಮೇಸನ್ನರೆಂದರೆ ಯಾರೆಂದು ಗೊತ್ತಿಲ್ಲದವರಿಗೆ ನಾನೇ ಹೇಳಬೇಕು. ಗೊತ್ತಿದ್ದವರು ಹೇಳುವುದಿಲ್ಲ, ಹೇಳುವುದಿಲ್ಲವೆಂದು ಅವರು ಆಣೆ ಮಾಡಿರುತ್ತಾರೆ. ಇಂಗ್ಲಿಷರ ಕಾಲದಿಂದ ನಡೆದುಬಂದ ಗಂಡಸರ ಕೂಟ ಅದು. ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತಾರೆ. ಸೂಟಿನ ಮೇಲೆ ಕುರಿಮರಿಯ ಚರ್ಮದ ಏಪ್ರನ್ ಕಟ್ಟಿ, ಕೈಗೆ ಬಿಳಿ ಗ್ಲೌಸ್ ಹಾಕಿ, ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲ ಹೊರಗೆ ಒಬ್ಬರು ಬಿಚ್ಚುಗತ್ತಿ ಹಿಡಿದು ನಿಲ್ಲುತ್ತಾರೆ. ಸುತ್ತಲಿನ ಓಣಿಯವರು ಆ ಕಟ್ಟಡಕ್ಕೆ ಭೂತಬಂಗ್ಲಾ ಎನ್ನುತ್ತಿದ್ದರು. ಒಳಗೆ ಏನು ನಡೆಯುತ್ತದೆ ಎಂದು ಗೆಳತಿ ಮದುವೆಯಾದ ಹೊಸದರಲ್ಲಿ ಕೇಳಿದ್ದಳಂತೆ. ಮನುಷ್ಯನ ಚಾರಿತ್ರ್ಯ ಕಟ್ಟುತ್ತೇವೆ ಎಂದಿದ್ದರು. ಅಲ್ಲಿ ಕಟ್ಟಿದ ಚಾರಿತ್ರ್ಯ ಮನೆಗೆ ಬಂದ ಮೇಲೆ ಉಂಡ ತಾಟು ಎತ್ತಿಟ್ಟಿದ್ದನ್ನು ಅವಳು ಈವರೆಗೆ ಕಂಡಿಲ್ಲ.

ಅವರದು ಜೈನರ ಮನೆ. ನೆಲದೊಳಗೆ ಬೆಳೆಯುತ್ತವೆಂದು ಗಜ್ಜರಿ, ಬಟಾಟಿ ಕೂಡ ಹೊಸ್ತಿಲು ದಾಟದ ಮನೆಗೆ ಕುರಿಮರಿಯ ಚರ್ಮ ಹೇಗೆ ಬರಬೇಕು? ಅವಳ ಅತ್ತೆ ಬರಗೊಡಲಿಲ್ಲ. ಆ ಏಪ್ರನ್ ವರ್ಷಗಟ್ಟಲೆ ಕಾರು ನಿಲ್ಲಿಸುವ ಶೆಡ್ಡಿನ ಅಟ್ಟದ ಮೇಲೆ, ಡಾಂಬರಗುಳಿಗೆಗಳ ನಡುವೆ, ಒಂದು ಕಪ್ಪು ಪೆಟ್ಟಿಗೆಯಲ್ಲಿ ಮಲಗಿತ್ತು. ಸಭೆಯ ದಿನ ಅವರು ಶೆಡ್ಡಿನಿಂದಲೇ ನೇರ ಹೋಗಿ, ಶೆಡ್ಡಿಗೇ ಬಂದು, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಈಚೆಗೆ ಬಟ್ಟೆಯ ಏಪ್ರನ್ನೂ ನಡೆಯುತ್ತದೆ ಎಂದು ಅವರ ಲಾಡ್ಜಿನಲ್ಲಿ ಠರಾವಾಯಿತು. ಅದಕ್ಕೊಂದು ಭಾಷಣ, ಭಾಷಣಕ್ಕೊಂದು ಚಪ್ಪಾಳೆ. ಕಾಲಕ್ಕೆ ತಕ್ಕಂತೆ ನಾವು ಬದಲಾಗುತ್ತಿದ್ದೇವೆ ಎಂದರಂತೆ. ಬಟ್ಟೆ ಮಗ್ಗದ ಊರಾದ ನಮ್ಮ ಇಚಲಕರಂಜಿಯದೇ, ಬಿಳಿ ಪಾಪ್ಲಿನ್. ನಾನೇ ಆರಿಸಿ ಕಳಿಸಿದ್ದೆ. ಗಂಜಿ ಹಾಕಿ ಇಸ್ತ್ರಿ ಮಾಡಿದವಳು ಗೆಳತಿ. ಬದಲಾವಣೆ ಮಾಡಿದವರು ಅವರು.

ಇನ್ನು ಓಟದ ವಿಷಯ. ನನ್ನ ತವರು ಗಡಹಿಂಗ್ಲಜ. ಅಲ್ಲಿರುವ ನನ್ನ ವೈನಿಗೆ, ದೊಡ್ಡಣ್ಣನ ಹೆಂಡತಿಗೆ, ಎರಡೂ ಕಿಡ್ನಿ ಕೈಕೊಟ್ಟಿವೆ. ಊರಲ್ಲಿ ಪಾಳಿ ಸಿಗಲಿಲ್ಲವೆಂದು ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಡಯಾಲಿಸಿಸ್ಸಿಗೆ ಬರುತ್ತಾಳೆ. ಯಂತ್ರದಿಂದ ಬಿಡಿಸಿದ ಮೇಲೆ ಹಾಸಿಗೆ ಮುಂದಿನವರಿಗೆ ಬೇಕು. ಊರ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಆ ಹೊತ್ತಿನಲ್ಲಿ ವೈನಿ ಔಷಧದಂಗಡಿಯ ಕಟ್ಟೆಯ ಮೇಲೆ, ಸೆರಗು ಮುಖಕ್ಕೆ ಎಳೆದುಕೊಂಡು, ಚೀಲ ತಲೆಗೆ ಇಟ್ಟು ಮಲಗುತ್ತಿದ್ದಳು. ಅವಳ ಹಾಗೆ ಇನ್ನೂ ಕೆಲವರು. ಒಮ್ಮೆ ನಾನು ಕರೆದೊಯ್ಯಲು ಹೋದಾಗ ಅಂಗಡಿಯವನು ಕಟ್ಟೆಗೆ ನೀರು ಹೊಡೆಯುತ್ತಿದ್ದ. ವೈನಿ ಎದ್ದು ಕಂಬ ಹಿಡಿದು ನಿಂತಿದ್ದಳು. ಕೈಯ ಪಟ್ಟಿಯಲ್ಲಿ ರಕ್ತ ಒಂದು ಚುಕ್ಕೆ ಜಿನುಗಿತ್ತು. ನನ್ನನ್ನು ಕಂಡು ಅವಳು ಮೊದಲು ಮಾಡಿದ್ದು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದು.

ಆಸ್ಪತ್ರೆಯ ಹಿಂದಿನ ಓಣಿಯಲ್ಲೇ ಲಾಡ್ಜ್. ಕೆಳಗೆ ದೊಡ್ಡ ಊಟದ ಹಾಲ್, ಫ್ಯಾನು, ಮೆತ್ತೆ ಹಾಕಿದ ಉದ್ದ ಬೆಂಚುಗಳು. ತಿಂಗಳಿಗೆ ಒಂದೋ ಎರಡೋ ಊಟ ಬಿಟ್ಟರೆ ಅಲ್ಲಿ ಧೂಳಿಗೆ ಮಾತ್ರ ವಿಶ್ರಾಂತಿ. ಗೆಳತಿ ಗಂಡನನ್ನು ಕೇಳಿದಳು. ಹೊರಗಿನವರನ್ನು ಒಳಗೆ ಬಿಡಲು ಬರುವುದಿಲ್ಲ, ಪರಂಪರೆ ಇದೆ ಎಂದರು. ಆದರೂ ಲಾಡ್ಜ್ ಈಗ ಜನರ ಹತ್ತಿರ ಹೋಗಬೇಕೆಂದಿದೆ, ರೋಗಿಗಳ ವಿಶ್ರಾಂತಿಗಾಗಿ ಎಂದೇ ಒಂದು ಚಾರಿಟಿ ಓಟ ಇಡೋಣ ಎಂದರು. ಅವಳು ಬಿಡಲಿಲ್ಲ. ಕೊನೆಗೆ ಊಟದ ಮುಂದೆ ಕೂತು, ನಗುತ್ತ, ಒಂದು ಮಾತು ಕೊಟ್ಟರು.

"ನೀ ಹತ್ತೂ ಕಿಲೋಮೀಟರ್ ಓಡಿ ಮುಗಸು. ಅವತ್ತ ಸ್ಟೇಜ್ ಮ್ಯಾಲೆ ನಾನ ಹೇಳತೇನಿ, ಹಾಲ್ ತೆರದೇವಿ ಅಂತ."

ಅವಳು ಗಚ್ಚಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ಬಿಡುವುದನ್ನು ಅವರು ನೋಡಿದ್ದರು. ಅದಕ್ಕೇ ಅಷ್ಟು ಧಾರಾಳ.

ಹೀಗೆ ವೈನಿಯ ನಿದ್ದೆಗೂ ಗೆಳತಿಯ ಮೊಣಕಾಲಿಗೂ ಗಂಟು ಬಿತ್ತು. ಭಾನುವಾರ ಬೆಳಿಗ್ಗೆ ನಾನು ಮೊದಲ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋಗುತ್ತಿದ್ದೆ. ಅವಳು ಓಡುವುದು, ನಾನು ಅವಳ ಸ್ಕೂಟಿಯ ಮೇಲೆ ಲಿಂಬೆಹಣ್ಣಿನ ಪಾನಕ ಇಟ್ಟುಕೊಂಡು ಹಿಂದೆ ಹೋಗುವುದು. ಅವಳ ಓಟಕ್ಕೂ ನನ್ನ ಸ್ಕೂಟಿ ಬಿಡುವ ಧೈರ್ಯಕ್ಕೂ ವೇಗ ಒಂದೇ. ಕೆರೆಯ ದಂಡೆಗೆ ಎಮ್ಮೆ ತೊಳೆಯುವವರು ನಮ್ಮನ್ನು ನೋಡಿ ಎಮ್ಮೆಗಳನ್ನು ಬದಿಗೆ ಎಳೆದು ದಾರಿ ಬಿಡುತ್ತಿದ್ದರು, ಮರ್ಯಾದೆಯಿಂದ. ಆಡಬಾರದ ಮಾತುಗಳನ್ನು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿರಲಿಲ್ಲ. ಉಸಿರು ಕಟ್ಟಿದಾಗ ಗೆಳತಿ ತನ್ನಷ್ಟಕ್ಕೆ ಅವನ್ನು ಒಂದೊಂದಾಗಿ ಕಲಿತಳು.

ಓಟದ ದಿನ ಬಂತು. ಲಾಡ್ಜಿನವರು ಅಂದು ಇತಿಹಾಸ ಮಾಡುವವರಿದ್ದರು. ಎಂದೂ ಹೊರಗೆ ಕಾಣಿಸದ ಏಪ್ರನ್ ಕಟ್ಟಿಕೊಂಡು ಹಾಡುಹಗಲು ರಸ್ತೆಗೆ ಬಂದಿದ್ದರು. ಗುಟ್ಟಿನ ಕಾಲ ಮುಗಿಯಿತು ಎಂದು ಬ್ಯಾನರಿನಲ್ಲಿ ಬರೆಸಿದ್ದರು. ದೊಡ್ಡ ಹೊಟ್ಟೆಗಳ ಕೆಳಗೆ ನಮ್ಮೂರ ಪಾಪ್ಲಿನ್ ಬೆಳ್ಳಗೆ ಹೊಳೆಯುತ್ತಿತ್ತು. ಗ್ಲೌಸ್ ಹಾಕಿದ ಕೈಗಳನ್ನು ಮುಂದೆ ಕಟ್ಟಿ, ನೀರಿನ ಟೇಬಲ್ಲಿನ ಪಕ್ಕ ಸಾಲಾಗಿ ನಿಂತರು. ಜನ ತಮ್ಮನ್ನು ನೋಡಲಿ ಎಂದು.

ಜನ ನೋಡಿದರು. ಮೊದಲ ಸುತ್ತು ಓಡಿ ಬಂದ ಕುಸ್ತಿ ತಾಲೀಮಿನ ಹುಡುಗರ ಗುಂಪೊಂದು ನೇರ ಅವರ ಕಡೆ ಬಂತು. ಅದರಲ್ಲಿ ಒಬ್ಬ ಬೆವರು ಒರೆಸಿಕೊಳ್ಳುತ್ತ ಗೆಳತಿಯ ಗಂಡನನ್ನೇ ಕೇಳಿದ. "ಮಾಮಾ, ಪೋಹೆ ಝಾಲೆ ಕಾ?"

ಅವಲಕ್ಕಿ ಆಯಿತೇ ಎಂದು. ಏಪ್ರನ್ನು, ಬಿಳಿ ಗ್ಲೌಸು, ನೀರಿನ ಟೇಬಲ್ಲು, ಇನ್ನೇನು ತಿಳಿಯಬೇಕು ಅವನು? ಮದುವೆಯಲ್ಲಿ ಬಡಿಸುವವರನ್ನು ಅವನು ಹೀಗೇ ನೋಡಿದ್ದಾನೆ. ಅವರು ತಾವು ಯಾರೆಂದು ವಿವರಿಸಲು ಹೋದರು. ಆದರೆ ಆಣೆ ಮಾಡಿದ ನಾಲಿಗೆ, ಎಲ್ಲಿಂದ ಸುರು ಮಾಡುವುದು? ನಾವು ಒಂದು ಪುರಾತನ... ಎನ್ನುವಷ್ಟರಲ್ಲಿ ಇನ್ನೊಬ್ಬ ಬಂದು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲು ಹೇಳಿಹೋದ. ಬ್ರದರ್‌ಗಳು ಒಬ್ಬೊಬ್ಬರೇ ಬ್ಯಾನರಿನ ಹಿಂದೆ ಸರಿದರು. ನನ್ನ ಪಕ್ಕದಲ್ಲಿ ಅವರ ಹೆಂಡಂದಿರು ನಿಂತಿದ್ದರು. ಯಾರೂ ನಗಲಿಲ್ಲ. ಎಲ್ಲರೂ ಒಮ್ಮೆಲೇ ಕೆರೆಯ ಕಡೆ ಮುಖ ತಿರುಗಿಸಿದರು.

ಗೆಳತಿ ಬರುವಾಗ, ಓಟ ಮುಗಿಯುವಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಗಾಳಿ ಬಿಡುತ್ತಿದ್ದರು. ಅರ್ಧ ಬಾಗಿದ ಕಮಾನಿನ ಕೆಳಗೆ, ಮುಖ ಕೆಂಪಗೆ, ದುಪಟ್ಟಾ ಸೊಂಟಕ್ಕೆ ಬಿಗಿದು, ಅವಳು ಕುಂಟುತ್ತ ಬಂದಳು. ಆದರೆ ಓಡುತ್ತಲೇ ಬಂದಳು. ನಾನು ವೈನಿಯನ್ನೂ ಕರೆತಂದಿದ್ದೆ. ಊದಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಕೂತಿದ್ದವಳು, ಗೆಳತಿಯನ್ನು ಕಂಡು ಕಾಲು ಕೆಳಗಿಳಿಸಿ ಎದ್ದು ನಿಂತಳು.

ನಂತರ ಸ್ಟೇಜ್. ಗೆಳತಿಯ ಗಂಡ ಮೈಕ್ ಹಿಡಿದು ಬದಲಾವಣೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಲಾಡ್ಜ್ ತೆರೆದ ಪುಸ್ತಕವಾಗಿದೆ ಎಂದರು. ಇನ್ನು ಮೇಲೆ ವರ್ಷಕ್ಕೊಮ್ಮೆ ಸಾರ್ವಜನಿಕರು ಕಟ್ಟಡವನ್ನು ಬಂದು ನೋಡಬಹುದು ಎಂದರು. ವೈನಿಯನ್ನು ಕರೆದು ಕೈಗೆ ಗುಲಾಬಿ ಕೊಟ್ಟರು, ಫೋಟೋ ಆಯಿತು. ಹೆಂಡತಿಗೆ ಶಾಲು ಹೊದಿಸಿದರು, ಫೋಟೋ ಆಯಿತು. ಹಾಲ್ ತೆರೆಯುವ ವಿಷಯಕ್ಕೆ ಒಂದು ಸಮಿತಿ ಮಾಡಿದ್ದೇವೆ, ಅದು ವಿಚಾರ ಮಾಡುತ್ತದೆ ಎಂದು ಹೇಳಿ ಮೈಕ್ ಇಟ್ಟರು. ಹೊದಿಸಿದ ಶಾಲಿನಿಂದ ಗೆಳತಿ ಕತ್ತಿನ ಬೆವರು ಒರೆಸಿಕೊಂಡಳು. ಅವಳ ಮುಖ ನೋಡಲಾಗದೆ ನಾನು ಅವಳ ಬೂಟಿನ ದಾರ ಬಿಚ್ಚತೊಡಗಿದೆ.

"ಹತ್ತ ಕಿಲೋಮೀಟರ್ ಓಡಿ ಸಮಿತಿಗೆ ಬಂದ್ ಮುಟ್ಟಿದಿ ನೋಡ," ಎಂದೆ, ಮೆಲ್ಲಗೆ.

"ಇನ್ನೂ ಮುಟ್ಟಿಲ್ಲ," ಎಂದಳು. "ವೈನಿಯವರನ್ನ ಕರಕೊಂಡ ನಡಿ."

ದೊಡ್ಡ ಕಾರ್ಯಕ್ರಮದ ನಂತರ ಲಾಡ್ಜಿನಲ್ಲಿ ಊಟವಿರುವುದು ಪದ್ಧತಿ. ಗಂಡಸರು ಮೊದಲು ಮಾಳಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಕತ್ತಿಯವರು ಕಾವಲು ನಿಲ್ಲುತ್ತಾರೆ. ಕೆಳಗೆ ಹೆಂಡಂದಿರು ಅಡಿಗೆ ನೋಡುತ್ತಾರೆ. ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಊಟದ ಹಾಲ್‌ಗೆ ದಾರಿ. ಆ ಹಿತ್ತಲ ಬಾಗಿಲಿನ ಕೀಲಿ ಎಷ್ಟೋ ವರ್ಷಗಳಿಂದ ಹೆಂಡಂದಿರಲ್ಲೇ ಕೈಯಿಂದ ಕೈಗೆ ತಿರುಗುತ್ತಿತ್ತು. ಸಭಾಪತಿಗೆ ಒಂದು ಪೀಠ, ಕಾವಲಿಗೆ ಒಂದು ಕತ್ತಿ, ಬಾಗಿಲು ಬಡಿಯುವುದಕ್ಕೂ ಒಂದು ಲೆಕ್ಕ ಇಟ್ಟ ಆ ಪಂಡಿತರಿಗೆ, ಪಾತ್ರೆ ತೊಳೆಯುವ ಬಾಗಿಲಿಗೊಂದು ನಿಯಮ ಬೇಕು ಎಂದು ಹೊಳೆದೇ ಇರಲಿಲ್ಲ.

ಗೆಳತಿ ಆ ಬಾಗಿಲಿನಿಂದ ವೈನಿಯನ್ನು ಒಳಗೆ ಕರೆದೊಯ್ದು, ಎರಡು ಬೆಂಚು ಜೋಡಿಸಿ, ಅದೇ ಶಾಲು ಮಡಿಚಿ ತಲೆಗಿಟ್ಟು ಮಲಗಿಸಿದಳು. ಉಳಿದ ಹೆಂಗಸರಲ್ಲಿ ಒಬ್ಬರು ಫ್ಯಾನು ಹಾಕಿದರು. ಗಂಡಸರು ಮೇಲಿಂದ ಹಸಿದು ಇಳಿದು ಬರುವಷ್ಟರಲ್ಲಿ ವೈನಿಗೆ ನಿದ್ದೆ ಹತ್ತಿತ್ತು. ಗೆಳತಿಯ ಗಂಡ ಬಾಗಿಲಲ್ಲೇ ನಿಂತರು.

"ಇದೇನಿದು? ಹೊರಗಿನವರನ್ನ ಬಿಡಾಕ ಬರೂದಿಲ್ಲ ಅಂತ ಹೇಳಿದ್ನೆಲ್ಲಾ?"

"ನಿಮ್ಮ ಬಾಗಲಾ ಮಾಳಿಗಿ ಮ್ಯಾಲೆ ಐತ್ರಿ, ಅದಕ್ಕ ಕತ್ತಿ ಹಿಡದ ನಿಲ್ರಿ," ಎಂದಳು ಗೆಳತಿ, ಸಾರಿಗೆ ಒಗ್ಗರಣೆ ಹಾಕುತ್ತ. "ಇದು ನಮ್ಮ ಬಾಗಲಾ. ಸೋಮವಾರ, ಗುರುವಾರ ತೆರದಿರತೈತಿ. ಬ್ಯಾಡಂದ್ರ ಹೇಳ್ರಿ, ಕೀಲಿ ಕೊಡತೇವಿ. ಕೀಲಿ ಸಂಗಾಟ ಸೌಟೂ ಕೊಡತೇವಿ."

ಅವರು ಹಿಂದೆ ನಿಂತಿದ್ದ ಬ್ರದರ್‌ಗಳ ಕಡೆ ನೋಡಿದರು. ಬ್ರದರ್‌ಗಳು ತಮ್ಮ ತಮ್ಮ ಹೆಂಡಂದಿರ ಕಡೆ ನೋಡಿದರು. ಹೆಂಡಂದಿರು ಹಪ್ಪಳ ಕರಿಯುತ್ತಿದ್ದರು. ಎಲ್ಲಕ್ಕಿಂತ ಹಿರಿಯ ಬ್ರದರ್ ಒಬ್ಬರು ಕೆಮ್ಮಿ, ಊಟ ಆರುತ್ತದೆ ಎಂದರು. ಸಮಿತಿಯ ವಿಚಾರ ಅಲ್ಲಿಗೆ ಮುಗಿಯಿತು.

ಈಗ ಆ ಹಾಲ್‌ನಲ್ಲಿ ಡಯಾಲಿಸಿಸ್ ಮುಗಿಸಿದವರು ಬಸ್ಸಿನ ಹೊತ್ತಿನವರೆಗೆ ಮಲಗುತ್ತಾರೆ. ಹೆಂಗಸರು ಪಾಳಿ ಮಾಡಿಕೊಂಡಿದ್ದಾರೆ. ಗುರುವಾರ ನಾನು ಇಚಲಕರಂಜಿಯಿಂದ ಹೋಗುತ್ತೇನೆ. ಇದೆಲ್ಲ ತಮ್ಮ ದೂರದೃಷ್ಟಿಯ ಫಲವೆಂದು ಲಾಡ್ಜಿನವರು ಗೇಟಿಗೆ ಬೋರ್ಡು ಹಾಕಿದ್ದಾರೆ. ಫೋಟೋ ತೆಗೆಯಲು ಬಂದಾಗ, ಸ್ವಲ್ಪ ಬದಿಗೆ ಸರಿಯಿರಿ ಅಕ್ಕಾ ಎಂದು ನನಗೂ ಗೆಳತಿಗೂ ಬಹಳ ನಯವಾಗಿ ಹೇಳಿದರು. ಸರಿದೆವು.

ಹೋದ ಗುರುವಾರ ಅವರ ಸಭೆಯೂ ಬಂದಿತ್ತು. ಬೂಟಿನ ಸಪ್ಪಳಕ್ಕೆ ರೋಗಿಗಳು ಏಳುತ್ತಾರೆಂದು ಗೆಳತಿ ಮನೆಯಲ್ಲೇ ಹೇಳಿ ಕಳಿಸಿದ್ದಳಂತೆ. ಸೂಟು ಹಾಕಿದ ಆ ಹಿರಿಯರೆಲ್ಲ ಬೂಟು ಕೈಯಲ್ಲಿ ಹಿಡಿದು, ಕಾಲ್ಚೀಲದ ಮೇಲೆ, ಕಳ್ಳರ ಹಾಗೆ ಮೆಟ್ಟಿಲು ಹತ್ತಿದರು. ಒಬ್ಬರ ಕಾಲ್ಚೀಲದ ಹಿಮ್ಮಡಿಯಲ್ಲಿ ತೂತಿತ್ತು. ಕೊನೆಗೆ ಬಂದ ಗೆಳತಿಯ ಗಂಡ ವೈನಿಯ ಬೆಂಚಿನ ಹತ್ತಿರ ಒಂದು ಕ್ಷಣ ನಿಂತರು. ಏನೋ ಹೇಳುವವರಿದ್ದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ತಲೆಯಾಡಿಸಿ ಮೇಲೆ ಹೋದರು.

ವೈನಿ ಗೋಡೆಯ ಕಡೆ ಮಗ್ಗುಲಾದಳು. ಪಟ್ಟಿ ಕಟ್ಟಿದ ಕೈ ಬೆಂಚಿನ ಹೊರಗೆ ಸಡಿಲಾಗಿ ಇಳಿಬಿದ್ದಿತ್ತು, ಸೆರಗಿನೊಳಗೆ ಇರಲಿಲ್ಲ. ಗಡಹಿಂಗ್ಲಜದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಎಬ್ಬಿಸಲಿಲ್ಲ.