ಟೆಂಡರ್ ಕಲಿಸುವವಳ ಬಾಡಿಗೆ ಮನೆ

ಚಾಮರಾಜನಗರಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂದು ಗೊನೆ ಬಾಳೆಹಣ್ಣು. ಹೆಸರಿಲ್ಲ, ಚೀಟಿಯಿಲ್ಲ, ಸುತ್ತ ನರಪಿಳ್ಳೆಯಿಲ್ಲ. ಧಾರವಾಡದ ಸರ್ಕಾರಿ ಖರೀದಿ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಕೇಳದೆ ಬಂದ ಹಣ್ಣು ಕಂಡರೆ ಇದರ ಹಿಂದೆ ಯಾರ ಬಿಲ್ ಬರುತ್ತದೋ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಸಂಜೆಯವರೆಗೂ ಮುಟ್ಟಲಿಲ್ಲ, ದಾಟಿಕೊಂಡೇ ಓಡಾಡಿದೆ.

ಸಂಜೆ ಮನೆಯೊಡತಿ ಗೌರಮ್ಮ ಬಂದು ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ, ಇನ್ನೂ ಒಳಕ್ಕೆ ತಕಂಡಿಲ್ವ ಮೇಡಮ್ಮೋರೆ?"

"ಯಾಕ್ರೀ ಅಕ್ಕಾರ ಇದು? ಎಷ್ಟು ಕೊಡ್ಲಿ?"

"ಬಾಳೆಹಣ್ಗೂ ಯಾಕೆ ಅಂತ ಕೇಳಾರ? ಉಮ್ಮತ್ತೂರಿನ ನಮ್ಮ ತೋಟದ್ದು. ತಿನ್ನಿ, ಸುಮ್ನೆ."

ಸುಮ್ಮನೆ! ಈ ಲೋಕದಲ್ಲಿ ಯಾರು ಯಾರಿಗೆ ಸುಮ್ಮನೆ ಕೊಟ್ಟಿದ್ದಾರೆ?

ನನ್ನ ಕೆಲಸ ಏನೆಂದು ನಮ್ಮ ಕಡೆಯ ಮಂದಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಇಲ್ಲಿ ಊರಾಚೆ ಒಂದು ತರಬೇತಿ ಕೇಂದ್ರವಿದೆ. ಆಫ್ರಿಕಾದಿಂದ, ಏಷ್ಯಾದ ಬಡ ದೇಶಗಳಿಂದ ಅಧಿಕಾರಿಗಳು ಬಂದು ಕೆಲವು ತಿಂಗಳು ಇರುತ್ತಾರೆ. ಸರ್ಕಾರ ಔಷಧಿಯನ್ನೋ ಶಾಲೆಯ ಬೆಂಚನ್ನೋ ಕೊಳ್ಳುವಾಗ ಟೆಂಡರ್ ಹೇಗೆ ಕರೆಯಬೇಕು, ಕಳ್ಳತನ ಯಾವ ಸಂದಿಯಿಂದ ನುಸುಳುತ್ತದೆ ಎಂದು ಅವರಿಗೆ ಕಲಿಸಬೇಕು. ಮೊದಲ ಪಾಠದಲ್ಲೇ ಹೇಳಿಬಿಡುತ್ತೇನೆ: ಯಾರನ್ನೂ ನಂಬಬೇಡಿ, ಪುಕ್ಕಟೆ ಚಹಾ ಕುಡಿಸುವವನನ್ನಂತೂ ನಂಬಲೇಬೇಡಿ. ಅವರು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ.

ನಂಬಿಕೆಯಿಲ್ಲದವಳಿಗೆ ಹೊಸ ಊರು ಕಷ್ಟ. ನನ್ನ 'ರೀ' ಇಲ್ಲಿಯವರಿಗೆ ಜಗಳಕ್ಕೆ ನಿಂತಂತೆ ಕೇಳುತ್ತದೆ. ಅವರ 'ಬುಡಿ ಬುಡಿ' ನನಗೆ ಏನನ್ನೋ ಮುಚ್ಚಿಡುವಂತೆ ಕೇಳುತ್ತದೆ. ಅವರ ಬಾಯಲ್ಲಿ 'ಹೇಳು' ಹೋಗಿ 'ಏಳು', 'ಹೋಗು' ಹೋಗಿ 'ಓಗು' ಆಗುತ್ತದೆ. ಅಂಗಡಿಗೆ ಹೋದರೆ ಉಪ್ಪು ಕೊಡುವ ಮೊದಲು "ಯಾವ ಕಡೆಯೋರು? ಯಾವ ಜನ? ಒಬ್ರೇ ಇದ್ದೀರಾ?" ಎಂದು ವಿಚಾರಣೆ. ಧಾರವಾಡದಲ್ಲಿ ಇಂಥ ಪ್ರಶ್ನೆ ಕೇಳುವುದು ನನ್ನ ಹಕ್ಕಾಗಿತ್ತು. ಇಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಎಷ್ಟೋ ಸಂಜೆ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಮಳೆಗಾಲದಲ್ಲಿ ಜ್ವರ ಬಂದು ಮಲಗಿದೆ. ಗೌರಮ್ಮ ಕೇಳದೆ ಒಳಗೆ ಬಂದು ಹಣೆಗೆ ಒದ್ದೆಬಟ್ಟೆ ಹಾಕಿದರು, ಗಂಜಿ ಕುಡಿಸಿದರು. ಆ ಜ್ವರದಲ್ಲೇ 'ಮೇಡಮ್ಮೋರು' ಹೋಗಿ 'ಅವ್ವ' ಆದೆ. ಗುಣವಾದ ಮೇಲೆ ನನ್ನ ಊಟ ಅವರ ಅಡುಗೆಮನೆಗೇ ಬದಲಾಯಿತು. ಉಪ್ಸಾರು ಅಂದರೆ ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು, ಪಕ್ಕಕ್ಕೆ ಅರೆದ ಖಾರ. ಜೊತೆಗೆ ರಾಗಿಮುದ್ದೆ. ನಾವು ರೊಟ್ಟಿ ಮುರಿದು, ಅಗಿದು, ಊರ ಸುದ್ದಿಯೆಲ್ಲ ಹೇಳಿ ಮುಗಿಸುವವರು. ನಾನು ಮುದ್ದೆಯನ್ನೂ ಅಗಿಯುತ್ತಿದ್ದೆ.

"ನುಂಗವ್ವ, ಬಾಯಲ್ಲಿ ಇಕ್ಕಂಡು ಅದೇನು ಪರೀಕ್ಷೆ ಮಾಡ್ತೀಯ?" ಎಂದು ಗೌರಮ್ಮ ನಗುತ್ತಿದ್ದರು. ಸಂಜೆಯಾದರೆ ಬೇಗ ಮನೆಗೆ ಹೋಗಬೇಕು ಎಂದು ನನಗೆ ಅನ್ನಿಸತೊಡಗಿತು. ಭಾನುವಾರಗಳಲ್ಲಿ ಅವರ ತಮ್ಮ, ತೆರಕಣಾಂಬಿಯ ತರಕಾರಿ ವ್ಯಾಪಾರಿ ಮಾದಪ್ಪ ಬರುತ್ತಿದ್ದರು. ಅವರು ತಂದ ಬದನೆಕಾಯಿ ನನ್ನ ತಟ್ಟೆಗೂ ಬೀಳುತ್ತಿತ್ತು.

ಆಮೇಲೆ ನಮ್ಮ ಕೇಂದ್ರದ ಮೆಸ್ಸಿಗೆ ವರ್ಷದ ತರಕಾರಿ ಟೆಂಡರ್ ಬಂತು. ವಿದ್ಯಾರ್ಥಿಗಳ ಎದುರೇ ತೆರೆಯೋಣ, ನೋಡಿ ಕಲಿಯಲಿ ಎಂದವಳು ನಾನೇ. ಸಮಿತಿಯ ಮೂವರಲ್ಲಿ ನಾನೂ ಒಬ್ಬಳು. ಲಕೋಟೆಗಳನ್ನು ಒಡೆದು ಓದಿದರು. ಎಲ್ಲರಿಗಿಂತ ಕಡಿಮೆ ದರ, ಮಾದಪ್ಪ, ತೆರಕಣಾಂಬಿ. ಹಿಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟು ತೊಟ್ಟು ಕೂತಿದ್ದ ಮಾದಪ್ಪ ನನ್ನನ್ನು ನೋಡಿ ನಕ್ಕರು.

ಆ ನಗುವನ್ನು ಮಲಾವಿಯಿಂದ ಬಂದ ವಿದ್ಯಾರ್ಥಿನಿ ಮಟಿಲ್ಡಾ ಕಂಡಳು. ಎದ್ದು ನಿಂತು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಟೆಂಡರ್ ಹಾಕಿದವರ ಪರಿಚಯ ಸಮಿತಿಯಲ್ಲಿ ಯಾರಿಗಾದರೂ ಇದೆಯೇ ಎಂದು ಮೊದಲು ಕೇಳಬೇಕೆಂದು ನೀವೇ ಕಲಿಸಿದ್ದು. ಇವತ್ತು ಕೇಳಲೇ ಇಲ್ಲವಲ್ಲ?"

ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮವ್ವ ಕಲಿಸಿದ್ದಳು. ಉಂಡ ಮನೆಯ ಫೈಲಿಗೆ ಸಹಿ ಹಾಕಬಾರದು ಎಂದು ನಾನು ಕಲಿಸುತ್ತೇನೆ. ಕೈ ಎತ್ತಿದೆ. "ಇವರ ಅಕ್ಕನ ಮನೆಯಲ್ಲೇ ನನ್ನ ಬಾಡಿಗೆ, ಅಲ್ಲೇ ನನ್ನ ಊಟ" ಎಂದು ಹೇಳಿ ಹೊರಗೆ ನಡೆದೆ. ಗೊನೆ, ಗಂಜಿ, ಒದ್ದೆಬಟ್ಟೆ, ಎಲ್ಲ ಇದಕ್ಕೇ ಇರಬೇಕಲ್ಲ!

ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದೆ. "ನಿಮ್ಮ ತಮ್ಮ ಟೆಂಡರ್ ಹಾಕಿದ್ದು ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿತ್ತು ಕಣವ್ವ." ಗೌರಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಏಳಿದ್ರೆ ನೀನು ಉಣ್ಣಾದ್ನೇ ಬುಟ್ಬುಡ್ತಿದ್ದೆ. ಅದ್ಕೇ ಏಳ್ನಿಲ್ಲ."

ಅದು ಅಂತಃಕರಣವೋ, ಹೊಂಚೋ? ಇವತ್ತಿಗೂ ನನಗೆ ಬಗೆಹರಿದಿಲ್ಲ.

"ನಾ ಮನಿ ಬಿಡ್ತೀನ್ರೀ ಅಕ್ಕಾರ."

ಈಗ ಅವರ ಕೈ ನಿಂತಿತು. "ಬುಡು. ನೀನು ಓದ್ಮೇಲೆ ಬೀದಿ ಜನ ಏನಂದಾರು? ಗೌರಮ್ಮ ಅನ್ನ ಇಕ್ಕಿ ಟೆಂಡರ್ ಕೊಂಡ್ಕಂಡ್ಳು, ಸಿಕ್ಕಾಕಂಡ್ಳು ಅಂದಾರು. ಅದ್ನ ಒತ್ಕಂಡು ನಾನೆಲ್ಲಿಗೆ ಓಗ್ಲಿ?"

ಮನೆಯಲ್ಲಿ ಉಳಿದರೆ ನಾನು ಕಳ್ಳಿ, ಬಿಟ್ಟು ಹೋದರೆ ಅವರು ಕಳ್ಳಿ. ಕಡೆಗೆ ಮನೆ ಬಿಡಲಿಲ್ಲ. ಮರುದಿನ ಖರೀದಿಯ ಎಲ್ಲ ಸಮಿತಿಗಳಿಂದ ನನ್ನ ಹೆಸರು ತೆಗೆಸಿ, ಪಾಠ ಮಾಡುವುದೊಂದನ್ನೇ ಉಳಿಸಿಕೊಂಡೆ. ಅಷ್ಟು ವರ್ಷ ಗಳಿಸಿದ ಅಧಿಕಾರ ಒಂದು ಬಾಡಿಗೆ ಮನೆಗಾಗಿ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ? ಉಳಿದವರು ದರವನ್ನೆಲ್ಲ ತಾಳೆ ನೋಡಿ ಮಾದಪ್ಪನವರಿಗೇ ಟೆಂಡರ್ ಕೊಟ್ಟರು. ಸರಿಯಾಗಿಯೇ ಕೊಟ್ಟರಂತೆ. ಈಗ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ತಗ್ಗುತ್ತದೆ.

ಮೊನ್ನೆ ಗುಂಡ್ಲುಪೇಟೆಯಲ್ಲಿ ಗೌರಮ್ಮನ ನೆಂಟರ ಮದುವೆ. ಬಿಡದೆ ಕರೆದುಕೊಂಡು ಹೋದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ, "ಇವ್ರು ಯಾರ ಪೈಕಿ ಗೌರಿ?" ಎಂದರು.

"ನಮ್ಮೋರೇ ಕಣಜ್ಜಿ" ಎಂದರು ಗೌರಮ್ಮ.

ಧಾರವಾಡ ಬಿಟ್ಟ ಮೇಲೆ ಯಾರೂ ನನ್ನನ್ನು ಹಾಗೆ ಅಂದಿರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವ ಮೊದಲೇ, ನಮ್ಮ ಕೇಂದ್ರದವರು ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದೆ.